ದಪ್ಪ ತಗಡು ಹೊಡೆದ ಮಾತ್ರಕ್ಕೆ ಚಾಸಿ ಗಟ್ಟಿಯಾಗುವುದಿಲ್ಲ

ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದ ಮೇಲೆ ಕೊಡಗಿನ ಗ್ಯಾರೇಜುಗಳಲ್ಲಿ ಬಾಡಿ ಕಳಚಿದ ಜೀಪುಗಳು ಸಾಲುಗಟ್ಟುತ್ತವೆ. ಮುಂಗಾರಿನ ಕೆಸರಿಗೆ ಗಾಡಿ ಸಜ್ಜು ಮಾಡಿಕೊಳ್ಳಲು ಇದೇ ಸರಿಯಾದ ಕಾಲ. ಆದರೆ ಎಂಜಿನ್, ಟೈರು, ವಿಂಚು ಎಂದು ಲಕ್ಷಗಟ್ಟಲೆ ಸುರಿಯುವವರು ಇವನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯನ್ನು ಮಾತ್ರ ವೆಲ್ಡಿಂಗ್ ಹುಡುಗನಿಗೆ ಒಪ್ಪಿಸಿ, ‘ದಪ್ಪ ತಗಡು ಹಾಕಿ ಗಟ್ಟಿಯಾಗಿ ಹೊಡೆಯಪ್ಪ’ ಎಂದು ಹೊರಟುಬಿಡುತ್ತಾರೆ. ಹಾಗೆ ಹೊಡೆಸಿಕೊಂಡ ಚಾಸಿಗಳು ಒಡೆದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಒಡೆಯುವ ಜಾಗ ಹೆಚ್ಚುಕಡಿಮೆ ಒಂದೇ: ಹಾಕಿದ ತಗಡು ಎಲ್ಲಿ ಮುಗಿಯುತ್ತದೋ ಅಲ್ಲಿ.

ಯಾವ ಚಾಸಿ?

ಮೊದಲು ಕಾನೂನು. ಚಾಸಿ ಸಂಖ್ಯೆಯೇ ಗಾಡಿಯ ಗುರುತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಆದ್ದರಿಂದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಿಡಿ ಚಾಸಿ ತರಬೇಡಿ. ದಾಖಲೆ ಸರಿಯಿರುವ ಇಡೀ ಗಾಡಿಯನ್ನೇ ಕೊಳ್ಳಿ. ಚಾಸಿ ಬದಲಿಸುವುದು ಅನಿವಾರ್ಯವಾದರೆ ಆರ್‌ಟಿಒ ಅನುಮತಿ ಪಡೆದೇ ಕೈಹಾಕಿ. ಸಂಖ್ಯೆ ಕೊರೆದ ಜಾಗಕ್ಕೆ ಗ್ರೈಂಡರ್ ಸೋಕಲೇಬಾರದು.

ಇನ್ನು ಯಾವ ಗಾಡಿ? ನನ್ನನ್ನು ಕೇಳಿದರೆ ಮಹೀಂದ್ರ ಎಂಎಂ 540. ಹಳೆಯ ಸಿಜೆ 3ಬಿ ಜೀಪಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 80 ಇಂಚು. ತೋಟದ ತಿರುವುಗಳಿಗೆ ಅದು ಚೆನ್ನ, ಆದರೆ ಕಡಿದಾದ ಏರಿನಲ್ಲಿ ಮೂತಿ ಎತ್ತುತ್ತದೆ. 540ಕ್ಕೆ 91 ಇಂಚು. ಏರಿಗೂ ತಿರುವಿಗೂ ಹದವಾದ ಅಳತೆ. ಮಾರುತಿ ಜಿಪ್ಸಿ ಹಗುರ, ಚುರುಕು. ಆದರೆ ಅದರ ಚಾಸಿ ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯಂಥದ್ದು. ನಮ್ಮ ಮಳೆಯಲ್ಲಿ ಒಳಗೆ ಸೇರಿದ ಕೆಸರು ತಿಂಗಳುಗಟ್ಟಲೆ ಒಣಗುವುದಿಲ್ಲ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿಂದು ಮುಗಿಸಿರುತ್ತದೆ.

ಕೊಳ್ಳುವಾಗ ಪುಟ್ಟ ಸುತ್ತಿಗೆಯೊಂದನ್ನು ಕೈಯಲ್ಲಿ ಹಿಡಿದು ಹೋಗಿ. ಚಾಸಿಯ ಎರಡೂ ಬದಿಯ ಉದ್ದಪಟ್ಟಿಗಳನ್ನು ತಟ್ಟುತ್ತಾ ಬನ್ನಿ: ಗಟ್ಟಿ ಕಬ್ಬಿಣ ಕಣಕಣ ಎನ್ನುತ್ತದೆ, ತುಕ್ಕು ತಿಂದದ್ದು ಬದ್ದೆನ್ನುತ್ತದೆ. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಬ್ರಾಕೆಟ್), ಹಿಂದಿನ ಅಡ್ಡಪಟ್ಟಿ, ಗೇರ್‌ಬಾಕ್ಸ್ ಕೂರುವ ಅಡ್ಡಪಟ್ಟಿ, ಬಲಗಡೆ ಸ್ಟೀರಿಂಗ್ ಬಾಕ್ಸ್ ಬೋಲ್ಟುಗಳ ಸುತ್ತ, ಈ ನಾಲ್ಕು ಕಡೆ ಮಲಗಿಯೇ ನೋಡಬೇಕು. ತೋಟದಲ್ಲಿ ಟ್ರೇಲರ್ ಎಳೆದ ಗಾಡಿಯಾದರೆ ಹಿಂದಿನ ಅಡ್ಡಪಟ್ಟಿಯನ್ನು ಎರಡೆರಡು ಬಾರಿ ನೋಡಿ. ಅಡಿಭಾಗಕ್ಕೆ ಹೊಸದಾಗಿ ಡಾಂಬರಿನಂಥ ಕಪ್ಪು ಕೋಟಿಂಗ್ ಬಳಿದಿದ್ದರೆ ಮಾಲೀಕರ ಎದುರೇ ಸ್ಕ್ರೂಡ್ರೈವರಿನಿಂದ ಒಂದೆರಡು ಕಡೆ ಕೆರೆಯಿರಿ. ಕೆರೆಯಲು ಒಪ್ಪದವರ ಗಾಡಿ ಬೇಡ.

ಅಳತೆ

ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಹ್ಯಾಂಗರ್ ಬೋಲ್ಟುಗಳಿಂದ ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಗಾಡಿ ಸರಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ ಐದು ಮಿಲಿಮೀಟರ್ ದಾಟಿದರೆ ಚಾಸಿ ಸೊಟ್ಟಗಾಗಿದೆ ಎಂದೇ ತಿಳಿದು ಮೊದಲು ನೇರ ಮಾಡಿಸಿ. ಸೊಟ್ಟ ಚಾಸಿಗೆ ತಗಡು ಹೊಡೆದರೆ ಆ ಸೊಟ್ಟವೇ ಶಾಶ್ವತವಾಗುತ್ತದೆ.

ಬಿರುಕು, ತಗಡು, ಬೆಸುಗೆ

ಎಲ್ಲರೂ ಎಡವುವುದು ಇಲ್ಲಿ.

ಬಿರುಕಿನ ತುದಿ ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಇರುತ್ತದೆ. ಬಣ್ಣವನ್ನು ಪೂರ್ತಿ ಕೆರೆದು ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನೊಳಗೆ ಇಳಿದ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿಯ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಆ ಗೆರೆಯ ತುದಿಯಲ್ಲಿ ಐದಾರು ಮಿಲಿಮೀಟರಿನ ರಂಧ್ರ ಕೊರೆಯಿರಿ. ಚೂಪು ತುದಿ ದುಂಡಗಾದರೆ ಒತ್ತಡ ಚದುರಿ ಬಿರುಕು ಅಲ್ಲಿಗೆ ನಿಲ್ಲುತ್ತದೆ. ಈ ರಂಧ್ರ ಕೊರೆಯದೆ ಮೇಲೆ ಬೆಸುಗೆ ಎಳೆದರೆ ಬಿರುಕು ಬೆಸುಗೆಯ ಅಡಿಯಲ್ಲೇ ಮುಂದುವರಿಯುತ್ತದೆ.

ಆಮೇಲೆ ಸೀಮೆಎಣ್ಣೆಯ ಅಂಶ ಉಳಿಯದಂತೆ ಚೆನ್ನಾಗಿ ಒರೆಸಿ, ಆರಲು ಬಿಟ್ಟು, ಬಿರುಕಿನ ಉದ್ದಕ್ಕೂ ಗ್ರೈಂಡರಿನಿಂದ ‘ವಿ’ ಆಕಾರದ ಕಾಲುವೆ ತೆಗೆಯಿರಿ. ಬೆಸುಗೆ ಚಾಸಿ ಪಟ್ಟಿಯ ಪೂರ್ತಿ ದಪ್ಪಕ್ಕೆ ಇಳಿಯಬೇಕು. ತುಂಬಿದ ಮೇಲೆ ಉಬ್ಬನ್ನು ಉಜ್ಜಿ ಸಮ ಮಾಡಿ. ಬೆಸುಗೆ ಹಾಕುವ ಮೊದಲು ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್ ಕೆಳಗಿಳಿಸಿ, ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಿ. ದೂರದ ಆಕ್ಸಲಿಗೆ ಕಚ್ಚಿಸಿದರೆ ಕರೆಂಟು ಬೇರಿಂಗ್ ದಾಟಿ ಹೋಗಿ ಅದನ್ನು ಹಾಳು ಮಾಡುತ್ತದೆ.

ಈಗ ತಗಡು. ಚಾಸಿಯ ದಪ್ಪವೇ ತಗಡಿಗೂ ಸಾಕು. ಮೂರು ಮಿಲಿಮೀಟರ್ ಪಟ್ಟಿಗೆ ಎಂಟು ಮಿಲಿಮೀಟರ್ ತಗಡು ಹೊಡೆದರೆ ಆ ಭಾಗ ಕಲ್ಲಾಗುತ್ತದೆ. ಬಾಗುವ ಕೆಲಸವೆಲ್ಲ ತಗಡು ಮುಗಿಯುವ ಗೆರೆಯ ಮೇಲೆ ಬೀಳುತ್ತದೆ. ಏಣಿಯಂಥ ಚಾಸಿ ಹಳ್ಳದಲ್ಲಿ ಒಂದಿಷ್ಟು ತಿರುಚಿಕೊಳ್ಳಲೆಂದೇ ಇರುವುದು. ಚೌಕಳಿ ತಗಡಿನ ಚೂರನ್ನು ತಂದು ಅಂಟಿಸುವವರೂ ಇದ್ದಾರೆ. ಅದು ಕಾಲಿಡಲು ಮಾಡಿದ್ದು, ಭಾರ ಹೊರಲು ಅಲ್ಲ.

ತಗಡಿನ ತುದಿಗಳನ್ನು ನೇರವಾಗಿ ಕತ್ತರಿಸಬೇಡಿ. ಮೀನಿನ ಬಾಲದಂತೆ ಸೀಳಿಯೋ, ವಜ್ರಾಕಾರದಲ್ಲಿ ಚೂಪು ಮಾಡಿಯೋ ಇಳಿಜಾರಾಗಿ ಮುಗಿಸಿ. ಚಾಸಿಯ ಹೊರಗೂ ಒಳಗೂ ತಗಡು ಹಾಕುವುದಾದರೆ ಎರಡೂ ಒಂದೇ ಗೆರೆಯಲ್ಲಿ ಮುಗಿಯದಿರಲಿ. ‘ಸಿ’ ಆಕಾರದ ಪಟ್ಟಿ ಬಾಗುವಾಗ ಅತಿ ಹೆಚ್ಚು ಎಳೆತ ಮೇಲಿನ ಮತ್ತು ಕೆಳಗಿನ ಮಡಿಕೆಗಳಲ್ಲಿ, ಅಂದರೆ ಅಡ್ಡಕ್ಕೆ ಮಡಿಚಿದ ಅಂಚುಗಳಲ್ಲಿ. ನಿಂತ ಭಾಗದ ನಟ್ಟನಡುವೆ ಬಹಳ ಕಡಿಮೆ. ಆದ್ದರಿಂದ ರಂಧ್ರ ಕೊರೆಯಬೇಕಾದರೆ ನಿಂತ ಭಾಗದಲ್ಲಿ ಕೊರೆಯಿರಿ. ಮಡಿಕೆಗೆ ಅಡ್ಡವಾಗಿ ಬೆಸುಗೆ ಎಳೆಯಲೇಬೇಡಿ. ‘ಸ್ವಲ್ಪ ತಾನೇ’ ಎನ್ನುವ ಮೇಸ್ತ್ರಿಗಳ ಎದುರು ಪಟ್ಟು ಹಿಡಿಯಿರಿ.

ಬೆಸುಗೆಯನ್ನು ಒಂದೇ ಉಸಿರಿನಲ್ಲಿ ಎಳೆಯಬಾರದು. ಒಂದಿಂಚು ಹಾಕಿ, ಅಷ್ಟೇ ಜಾಗ ಬಿಟ್ಟು, ಎದುರು ಬದಿಗೆ ಹೋಗಿ. ತಾನಾಗಿ ಆರಲಿ. ಬೇಗ ಆಗಲೆಂದು ನೀರು ಚಿಮುಕಿಸುವ ಅಭ್ಯಾಸ ಹಲವರಿಗಿದೆ. ಬಿಸಿ ಬೆಸುಗೆಗೆ ನೀರು ಬಿದ್ದರೆ ಪಕ್ಕದ ಕಬ್ಬಿಣ ಪೆಡಸಾಗಿ ಸೀಳುವ ಸಾಧ್ಯತೆ ಹೆಚ್ಚುತ್ತದೆ. ನಡುನಡುವೆ ಕರ್ಣಗಳನ್ನು ಮತ್ತೆ ಅಳೆಯಿರಿ.

ತಂತಿಯಿಂದ ಬೆಸೆಯುವ ಮಿಗ್ ಯಂತ್ರವಿದ್ದರೆ ಒಳ್ಳೆಯದು. ಕಡ್ಡಿ ಬೆಸುಗೆಯಾದರೆ 7018 ಕಡ್ಡಿಯನ್ನೇ ಕೇಳಿ. ಸಾಮಾನ್ಯವಾಗಿ ಗೇಟು, ಕಿಟಕಿಗೆ ಬಳಸುವ 6013 ಕಡ್ಡಿಯನ್ನು ನಾನು ಚಾಸಿಗೆ ಮುಟ್ಟಿಸಲು ಬಿಡುವುದಿಲ್ಲ. ಆದರೆ 7018 ತೇವ ಹೀರುತ್ತದೆ, ಕೊಡಗಿನ ಗಾಳಿಯಲ್ಲಂತೂ ಕೇಳುವುದೇ ಬೇಡ. ಒಡೆದ ಪ್ಯಾಕೆಟ್ಟಿನಲ್ಲಿ ಮಳೆಗಾಲ ಕಳೆದ ಕಡ್ಡಿಗಿಂತ ಹೊಸ ಪ್ಯಾಕೆಟ್ಟಿನ ಬೆಲೆ ಅಗ್ಗ.

ಸ್ಟೀರಿಂಗ್ ಬಾಕ್ಸ್, ಹ್ಯಾಂಗರ್

ದೊಡ್ಡ ಟೈರು ಹಾಕಿದ ಗಾಡಿಯಲ್ಲಿ ಮೊದಲು ಸೋಲುವುದು ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ. ಬೋಲ್ಟು ಹಾಯುವ ಕಡೆ ಚಾಸಿಯೊಳಗೆ ಗಟ್ಟಿ ಪೈಪಿನ ತುಂಡು ಕೂರಿಸಿದರೆ ಬಿಗಿ ಮಾಡಿದಾಗ ಪಟ್ಟಿ ಅಪ್ಪಚ್ಚಿಯಾಗುವುದಿಲ್ಲ. ಬೋಲ್ಟು 8.8 ದರ್ಜೆಯದ್ದಾಗಿರಲಿ, ತಲೆಯ ಮೇಲೆ ಅಚ್ಚಾಗಿರುತ್ತದೆ, ನೋಡಿ ತೆಗೆದುಕೊಳ್ಳಿ.

ಗಾಡಿ ಎತ್ತರಿಸಲು ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಹ್ಯಾಂಗರಿಗೆ ಜೋಡಿಸುವ ಕೊಂಡಿ) ಮಾರುತ್ತಾರೆ. ಅರ್ಧ ದಿನದ ಕೆಲಸ, ಖರ್ಚೂ ಕಡಿಮೆ. ಆದರೆ ಉದ್ದ ಹೆಚ್ಚಿದಷ್ಟೂ ಹ್ಯಾಂಗರನ್ನು ಪಕ್ಕಕ್ಕೆ ಮೀಟುವ ಬಲವೂ ಹೆಚ್ಚುತ್ತದೆ. ನನ್ನ ಮತ ಸ್ಪ್ರಿಂಗ್ ಬದಲಿಸುವುದಕ್ಕೆ.

‘ಸಿ’ ಪಟ್ಟಿಯನ್ನು ಉದ್ದಕ್ಕೂ ಮುಚ್ಚಿ ಪೆಟ್ಟಿಗೆ ಮಾಡಿಸುವುದು ಈಗಿನ ಹುಚ್ಚು. ಸ್ಟೀರಿಂಗ್ ಬಾಕ್ಸ್ ಹಾಗೂ ಹ್ಯಾಂಗರುಗಳ ಆಸುಪಾಸು ಮುಚ್ಚಿದರೆ ಸಾಕು. ಮುಚ್ಚಿದ ಕಡೆ ಅತಿ ತಗ್ಗಿನ ಜಾಗದಲ್ಲಿ ನೀರಿಳಿಯಲು ರಂಧ್ರ ಬಿಡಿ, ಒಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ.

ಬಣ್ಣ ಮತ್ತು ಆಮೇಲೆ

ಸತುವಿನ ಪ್ರೈಮರ್, ಮೇಲೆ ಸಾಧಾರಣ ಎನಾಮೆಲ್. ತಗಡಿನ ಸಂದುಗಳಿಗೆ ಸೀಲರ್ ತುಂಬಿ. ತಿಳಿ ಬೂದು ಬಣ್ಣ ಹಚ್ಚಿ. ಕಪ್ಪಿನಲ್ಲಿ ಬಿರುಕು ಕಾಣಿಸುವುದಿಲ್ಲ.

ಮೊದಲ ಕೆಸರಿನ ಓಡಾಟವಾದ ಮೇಲೆ ಅಡಿಭಾಗ ತೊಳೆದು, ಟಾರ್ಚ್ ಹಿಡಿದು ಪ್ರತಿ ತಗಡಿನ ತುದಿಯನ್ನೂ ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಂಡರೂ ಅದರ ಮೇಲೆ ಬಣ್ಣ ಬಳಿಯಬೇಡಿ. ಕೆರೆದು, ಸೀಮೆಎಣ್ಣೆ ಹಚ್ಚಿ, ಗೆರೆ ಎಲ್ಲಿಗೆ ಮುಟ್ಟಿದೆ ಎಂದು ನೋಡಿ.