ಬೈಕಿಗೆ ನೀರು ಹಾಕುವ ಬ್ಯಾಟರಿಯೋ, ಸೀಲ್ಡ್ ಬ್ಯಾಟರಿಯೋ?

ಬ್ಯಾಟರಿ ತರಲು ಪೇಟೆಗೆ ಹೊರಡುವ ಮೊದಲು ಬೈಕಿನ ಚಾರ್ಜಿಂಗ್ ನೋಡಿಕೊಳ್ಳಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಕೆಂಪು ವಯರನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಹಿಡಿಯಿರಿ. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಆಕ್ಸಿಲರೇಟರ್ ಏರಿಸಿದರೆ ಮೀಟರ್ 13.5ರಿಂದ 14.5ರ ನಡುವೆ ನಿಲ್ಲಬೇಕು. 15 ದಾಟಿದರೆ ಸಾಮಾನ್ಯವಾಗಿ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುತ್ತದೆ. 13ಕ್ಕೂ ಏರದಿದ್ದರೆ ಕರೆಂಟು ಹುಟ್ಟಿಸುವ ಕಾಯಿಲ್, ರೆಗ್ಯುಲೇಟರ್, ಸುಟ್ಟು ಕರಕಲಾದ ಕನೆಕ್ಟರ್ ಮೂರನ್ನೂ ನೋಡಿಸಬೇಕು. ಇದನ್ನು ಸರಿಮಾಡದೆ ಹಾಕಿದ ಹೊಸ ಬ್ಯಾಟರಿ, ಯಾವ ಜಾತಿಯದ್ದೇ ಆಗಲಿ, ಬಾಳುವುದಿಲ್ಲ.

ನೀರು ಹಾಕುವ ಮಾಮೂಲಿ ಬ್ಯಾಟರಿ, ಸೀಲ್ಡ್ ಬ್ಯಾಟರಿ ಎರಡರ ಒಳಗೂ ಸೀಸದ ಪ್ಲೇಟು ಮತ್ತು ಆಸಿಡ್ಡೇ ಇರುವುದು. ಮಾಮೂಲಿ ಬ್ಯಾಟರಿಯಲ್ಲಿ ಆಸಿಡ್ ನೀರಾಗಿಯೇ ತುಂಬಿರುತ್ತದೆ. ಚಾರ್ಜ್ ಆಗುವಾಗ ಅದರ ನೀರಿನಂಶ ಗ್ಯಾಸಾಗಿ ಹೋಗುತ್ತದೆ, ಆಗಾಗ ತುಂಬಬೇಕಾಗುತ್ತದೆ. ಸೀಲ್ಡ್‌ನಲ್ಲಿ ಗಾಜಿನ ನಾರಿನ ಹಾಳೆಗಳು ಆಸಿಡ್ಡನ್ನು ಹೀರಿ ಹಿಡಿದಿರುತ್ತವೆ. ಹುಟ್ಟಿದ ಗ್ಯಾಸು ಬಹುಪಾಲು ಒಳಗೇ ಮತ್ತೆ ನೀರಾಗುತ್ತದೆ. ಆದರೆ ಹೆಚ್ಚು ವೋಲ್ಟೇಜ್ ಬಂದರೆ ವಾಲ್ವ್ ತೆರೆದು ಗ್ಯಾಸು ಹೊರಹೋಗುತ್ತದೆ, ಹೋದ ನೀರನ್ನು ಮತ್ತೆ ತುಂಬುವ ದಾರಿಯಿಲ್ಲ. ಹಾಗಾಗಿ ರೆಗ್ಯುಲೇಟರ್ ನಂಬುವಂತಿಲ್ಲದ ಹಳೆಯ ಬೈಕಿಗೆ ಮಾಮೂಲಿಯೇ ಲೇಸು. ಅಲ್ಲಿ ನೀರು ಇಳಿದದ್ದು ಕಣ್ಣಿಗೆ ಕಾಣುತ್ತದೆ, ತುಂಬಿಸಿ ಸುಧಾರಿಸಬಹುದು.

ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಗಲ್ಫಿನಲ್ಲಿ ದುಡಿಯುವವರ ಬೈಕುಗಳು ರಜೆಯ ವರೆಗೆ ಶೆಡ್ಡಿನಲ್ಲೇ ನಿಂತಿರುತ್ತವೆ. ಇಂಥ ಬೈಕಿಗೆ ಸೀಲ್ಡ್ ಬಿಟ್ಟು ಬೇರೆ ಯೋಚಿಸಬೇಡಿ. ಸುಮ್ಮನೆ ನಿಂತಾಗ ಅದು ತುಂಬ ನಿಧಾನವಾಗಿ ಇಳಿಯುತ್ತದೆ. ಮಾಮೂಲಿಯದ್ದು ಸೆಕೆಗಾಲದಲ್ಲಿ ಬೇಗ ಖಾಲಿಯಾಗಿ, ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಸೀಲ್ಡ್ ಆದರೂ ಮೈನಸ್ ವಯರ್ ಬಿಚ್ಚಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಚಾರ್ಜಿಗೆ ಇಡಲು ಮನೆಯವರಿಗೆ ಹೇಳಿ ಹೋಗಬೇಕು. ವಾರಕ್ಕೊಮ್ಮೆ ಅಂಗಳದಲ್ಲೇ ಸೆಲ್ಫ್ ಹೊಡೆದು ಐದು ನಿಮಿಷ ಓಡಿಸಿ ಆಫ್ ಮಾಡುವುದರಿಂದ ಕೆಡುಕೇ ಹೆಚ್ಚು. ಸೆಲ್ಫ್ ಎಳೆದುಕೊಂಡದ್ದನ್ನು ಐಡ್ಲಿಂಗ್ ತುಂಬಿಕೊಡುವುದಿಲ್ಲ.

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ದಾರಿಗಳಲ್ಲಿ ಕುಲುಕಾಟ ಹೆಚ್ಚು. ಮಾಮೂಲಿ ಬ್ಯಾಟರಿಯ ಆಸಿಡ್, ಗ್ಯಾಸು ಹೊರಬಿಡುವ ವೆಂಟ್ ಪೈಪಿನಿಂದ ತುಳುಕಿ ಚೈನು, ಫ್ರೇಮು ತಿನ್ನುತ್ತದೆ. ಪೈಪ್ ಎಲ್ಲೂ ಮಡಚದೆ, ಚೈನಿಗೆ ತಾಗದೆ, ನೆಲದತ್ತ ಇಳಿದಿರಬೇಕು. ಹೊಸ ಬ್ಯಾಟರಿಯ ವೆಂಟಿಗೆ ಕಂಪನಿಯವರು ಹಾಕಿದ ಸಣ್ಣ ಮುಚ್ಚಳವನ್ನು ತೆಗೆಯಲು ಮರೆತರೆ ಗ್ಯಾಸು ಕಟ್ಟಿ ಬ್ಯಾಟರಿ ಒಡೆಯಬಹುದು.

ಮಾಮೂಲಿಯೇ ಸಾಕು ಎಂದರೆ ತಿಂಗಳಿಗೊಮ್ಮೆ ಸೈಡ್ ಕವರ್ ಬಿಚ್ಚುವ ಅಭ್ಯಾಸ ಬೇಕು. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಆರೂ ಸೆಲ್ಲುಗಳ ಮಟ್ಟ ಅಪ್ಪರ್, ಲೋವರ್ ಗೆರೆಗಳ ನಡುವೆ ಇದೆಯೇ ನೋಡಿ. ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಬೇಡ. ಗುಡ್ಡ ಕೊರೆದು ತೆಗೆದ ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣಗಳು ಕರಗಿರುತ್ತವೆ, ಅವು ಪ್ಲೇಟನ್ನು ಕೆಡಿಸುತ್ತವೆ. ಒಂದೇ ಸೆಲ್ಲಿನ ನೀರು ಪದೇಪದೇ ಇಳಿಯುತ್ತಿದ್ದರೆ ಆ ಸೆಲ್ ಹೋಗಿದೆ, ಅಥವಾ ಅಲ್ಲಿ ಬಿರುಕು ಬಿಟ್ಟಿದೆ.

ಪೆಟ್ರೋಲ್ ಇಂಜೆಕ್ಷನ್ ಇರುವ ಬಿಎಸ್6 (ಹೊಗೆ ನಿಯಮದ) ಬೈಕುಗಳ ಮಾತು ಬೇರೆ. ಅವುಗಳ ಪೆಟ್ರೋಲ್ ಪಂಪು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಸ್ಥಿರ ವೋಲ್ಟೇಜ್ ಬೇಕು, ಹಲವದರಲ್ಲಿ ಕಿಕ್ಕರೇ ಇಲ್ಲ. ಕಂಪನಿ ಸೀಲ್ಡ್ ಕೊಟ್ಟಿದ್ದರೆ ಅದೇ ಅಳತೆಯ ಸೀಲ್ಡನ್ನೇ ಹಾಕಿ. ದುಡ್ಡು ಉಳಿಸುವ ಜಾಗ ಇದಲ್ಲ.

ಅಂಗಡಿಯಲ್ಲಿ ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯ) ಒಂದನ್ನೇ ನೋಡಿದರೆ ಸಾಲದು. ಉದ್ದ, ಅಗಲ, ಎತ್ತರ, ಪ್ಲಸ್ ಯಾವ ಬದಿಗಿದೆ ಎಲ್ಲವೂ ಹಳೆಯದಕ್ಕೆ ಹೊಂದಬೇಕು. ವಯರು ತಿರುಮುರುಗಾದರೆ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ರೆಗ್ಯುಲೇಟರೂ. ತಯಾರಾದ ತಿಂಗಳು ನೋಡಿ, ಮೀಟರ್ ಹಿಡಿಸಿ. ಆಸಿಡ್ ತುಂಬಿಯೇ ಬಂದ ಸೀಲ್ಡ್ 12.8ರ ಆಸುಪಾಸು ತೋರಿಸಬೇಕು, 12.4ಕ್ಕಿಂತ ಕೆಳಗಿದ್ದರೆ ಬೇರೆ ಕೇಳಿ. ಆಸಿಡ್ ಪ್ಯಾಕ್ ಜೊತೆಗೇ ಬರುವ ಸೀಲ್ಡ್‌ಗೆ ಆ ಪ್ಯಾಕಿನದ್ದನ್ನೇ ಪೂರ್ತಿ ಹಾಕಿಸಬೇಕು. ಅದು ಮಾಮೂಲಿ ಆಸಿಡ್ಡಿಗಿಂತ ಗಟ್ಟಿ. ಮುಚ್ಚಳದ ಪಟ್ಟಿ ಒತ್ತಿ ಕೂರಿಸಿದ ಮೇಲೆ ಮತ್ತೆಂದೂ ಕೀಳಬಾರದು.

ಆಸಿಡ್ ತುಂಬಿಸಿಕೊಂಡು ಹತ್ತೇ ನಿಮಿಷದಲ್ಲಿ ಬೈಕಿಗೆ ಏರಿಸಬೇಡಿ. ಅರ್ಧ ಗಂಟೆಯಾದರೂ ಬಿಟ್ಟು, ಸಾಮರ್ಥ್ಯದ ಹತ್ತನೇ ಒಂದು ಪಾಲಿನ ಕರೆಂಟಿನಲ್ಲಿ ಮೊದಲ ಚಾರ್ಜ್ ಕೊಡಿಸಿ: 5 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಕಾರಿನ ಚಾರ್ಜರಿನಲ್ಲಿ 4, 5 ಆಂಪಿಯರ್ ನುಗ್ಗಿಸಿದರೆ ಪ್ಲೇಟು ಕಾದು ಬಾಗುತ್ತದೆ. ಕೂರಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್; ಬಿಚ್ಚುವಾಗ ಮೊದಲು ಮೈನಸ್. ಕಡಲ ಬದಿಯ ಉಪ್ಪುಗಾಳಿಗೆ ಟರ್ಮಿನಲ್ಲಿಗೆ ಬೇಗ ಕಿಲುಬು ಹಿಡಿಯುತ್ತದೆ, ಬೋಲ್ಟ್ ಬಿಗಿದ ಮೇಲೆ ವ್ಯಾಸಲೀನ್ ಸವರಿಬಿಡಿ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಡಿ, ಎಕ್ಸ್‌ಚೇಂಜಿನಲ್ಲಿ ಅದರ ಬೆಲೆ ಮುರಿದುಕೊಳ್ಳುತ್ತಾರೆ.