ಪ್ರೀಮಿಯರ್‌ನಿಂದ ಡಾವಿಂಚಿ ರಿಸಾಲ್ವ್‌ಗೆ ಹೋಗುವವರಿಗೆ

ಎರಡೂ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ಗಳೇ. ಅರ್ಧ ಎಡಿಟ್ ಆಗಿರುವ ಪ್ರಾಜೆಕ್ಟ್ ಇದ್ದರೆ ಅದನ್ನು ಪ್ರೀಮಿಯರ್‌ನಲ್ಲೇ ಮುಗಿಸಿಬಿಡಿ. ಹೊಸದನ್ನು ರಿಸಾಲ್ವ್‌ನಲ್ಲಿ ಶುರು ಮಾಡಿ.

ತರಲೇಬೇಕು ಅಂದ್ರೆ, ಪ್ರೀಮಿಯರ್‌ನ ಎಕ್ಸ್‌ಪೋರ್ಟ್ ಮೆನುವಿನಲ್ಲಿ ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್ ಇದೆ, ಅಂದ್ರೆ ಟೈಮ್‌ಲೈನ್‌ನ ವಿವರವನ್ನು ಬರೆದಿಡುವ ಫೈಲ್. ಆ ಫೈಲನ್ನು ರಿಸಾಲ್ವ್‌ಗೆ ಇಂಪೋರ್ಟ್ ಮಾಡಿದರೆ ಕಟ್‌ಗಳು, ಕ್ಲಿಪ್‌ಗಳ ಜಾಗ ಎಲ್ಲಾ ಬರುತ್ತವೆ. ಲುಮೆಟ್ರಿ ಕಲರ್, ಅಂದ್ರೆ ಪ್ರೀಮಿಯರ್‌ನಲ್ಲಿ ಮಾಡಿದ ಬಣ್ಣದ ತಿದ್ದುಪಡಿ, ಬರುವುದಿಲ್ಲ. ಟೈಟಲ್‌ಗಳನ್ನೂ ಹೊಸದಾಗಿ ಮಾಡಬೇಕಾಗುತ್ತದೆ. ಅದಕ್ಕೇ ಹಳೆ ಟೈಮ್‌ಲೈನನ್ನು ಒಂದು ವಿಡಿಯೋ ಆಗಿಯೂ ತೆಗೆದಿಟ್ಟುಕೊಳ್ಳಿ. ಅದನ್ನು ರಿಸಾಲ್ವ್‌ನಲ್ಲಿ ಮೇಲಿನ ಟ್ರ್ಯಾಕ್‌ಗೆ ಹಾಕಿ, ಕಾಂಪೋಸಿಟ್ ಮೋಡನ್ನು (ಮೇಲಿನ ಚಿತ್ರ ಕೆಳಗಿನದರ ಜೊತೆ ಬೆರೆಯುವ ರೀತಿ) ಡಿಫರೆನ್ಸ್ ಮಾಡಿ. ಎರಡೂ ಹೊಂದಿದ ಕಡೆ ಪರದೆ ಕಪ್ಪಗಿರುತ್ತದೆ. ಕ್ಲಿಪ್ ಒಂದೇ ಫ್ರೇಮ್ ಸರಿದಿದ್ದರೂ ಅಂಚುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಕಣ್ಣಳತೆಯಲ್ಲಿ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ಮುಖ್ಯ ವಿಷಯ, ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು. ಕ್ಲಿಪ್ ಹಾಕುವ ಮೊದಲೇ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ 25 ಬೇಕಾ 30 ಬೇಕಾ ನೋಡಿ ಇಟ್ಟುಬಿಡಿ. ಆಮೇಲೆ ಅದನ್ನು ಬದಲಿಸಲು ರಿಸಾಲ್ವ್ ಬಿಡುವುದಿಲ್ಲ.

ಶಾರ್ಟ್‌ಕಟ್ ಚಿಂತೆ ಬೇಡ. ಕೀಬೋರ್ಡ್ ಕಸ್ಟಮೈಸೇಶನ್‌ನಲ್ಲಿ ಪ್ರೀಮಿಯರ್ ಪ್ರೊ ಅಂತ ಆರಿಸಿಕೊಂಡರೆ ಕೈಗೆ ಪಳಗಿದ ಕೀಗಳೇ ಹೆಚ್ಚುಕಡಿಮೆ ನಡೆಯುತ್ತವೆ.