ಚಾಸಿ ಇಲ್ಲದೆ ಪಿಎಕ್ಸ್‌ಐ ಕಾರ್ಡ್ ಓಡಿಸಿದ ನನ್ನ ಅನುಭವ

"ಚಾಸಿ ತಗೊಳ್ಳಿ ಸಾರ್, ಪಿಸಿಗೆ ಹಾಕಿದ್ರೆ ಕಾರ್ಡ್ ಸುಟ್ಟೋಗುತ್ತೆ" ಅಂತ ಹೇಳದವರೇ ಇಲ್ಲ. ಪಿಎಕ್ಸ್‌ಐ ಅಂದರೆ ಕಾರ್ಡ್ ರೂಪದ ಅಳತೆ ಉಪಕರಣ, ಅದನ್ನು ಕೂರಿಸಿ ಕರೆಂಟು, ಗಾಳಿ ಕೊಡುವ ಪೆಟ್ಟಿಗೆಯೇ ಚಾಸಿ. ನಮ್ಮ ಪಾಲುದಾರರೂ ಅದನ್ನೇ ಹೇಳಿದ್ದರು. ಈಗ ಪೀಣ್ಯದ ನಮ್ಮ ಶೆಡ್‌ನಲ್ಲಿ ಎರಡು ಪಿಎಕ್ಸ್‌ಐ ಕಾರ್ಡ್‌ಗಳು ಮಾಮೂಲಿ ಡೆಸ್ಕ್‌ಟಾಪ್‌ನಲ್ಲೇ ಕೂತು ಸೋಲಾರ್ ಚಾರ್ಜರ್ ಬೋರ್ಡ್‌ಗಳನ್ನು ಪರೀಕ್ಷೆ ಮಾಡುತ್ತಿವೆ. ಒಂದು ವೋಲ್ಟೇಜ್ ಮುಂತಾದವನ್ನು ಅಳೆಯುವ ಆರೂವರೆ ಅಂಕಿಯ ಮೀಟರ್, ಪಿಎಕ್ಸ್‌ಐ-4070. ಇನ್ನೊಂದು ಸಿಗ್ನಲ್‌ನ ಅಲೆಯನ್ನು ಅಂಕಿಗಳಾಗಿ ಹಿಡಿಯುವ 14 ಬಿಟ್ ಡಿಜಿಟೈಜರ್.

ಮೊದಲು ದುಡ್ಡಿನ ವಿಷಯ. ಹೊಸ ಚಾಸಿ, ಕಂಟ್ರೋಲರ್ ಸೇರಿ ಐದು ಲಕ್ಷದ ಮೇಲೆ ಕೊಟೇಶನ್ ಬಂತು. ಸೆಕೆಂಡ್ ಹ್ಯಾಂಡ್ ತರಿಸೋಣ ಅಂದರೆ ಚಾಸಿಯ ತೂಕಕ್ಕೆ ಕೊರಿಯರ್, ಮೇಲೆ ಕಸ್ಟಮ್ಸ್. ನನಗೆ ಎರಡೂ ಕಾರ್ಡ್ ಸುಂಕ ಸೇರಿ ಸುಮಾರು 70 ಸಾವಿರಕ್ಕೆ ಬಂದವು. ಕಾರ್ಡನ್ನು ಪಿಸಿಯ ಸ್ಲಾಟ್‌ಗೆ ಜೋಡಿಸುವ ಅಡಾಪ್ಟರ್ ಒಂದಕ್ಕೆ ಆರೇಳು ಸಾವಿರ.

ಪಿಎಕ್ಸ್‌ಐ ಒಳಗೆ ಇರುವುದು ಪಿಸಿಐ ತಾನೇ, ಅಂದರೆ ಹಳೇ ಪಿಸಿಗಳ ಕಾರ್ಡ್ ಸ್ಲಾಟ್‌ನ ವ್ಯವಸ್ಥೆ. ಅದಿಲ್ಲದ ಹೊಸ ಮದರ್‌ಬೋರ್ಡ್‌ಗೆ, ಪಿಸಿಐ ಸ್ಲಾಟ್ ಕೊಡುವ ಅಗ್ಗದ ಬ್ರಿಡ್ಜ್ ಕಾರ್ಡ್ ಹಾಕಿ ಶುರು ಮಾಡಿದೆ. ಮೀಟರ್ ತಕ್ಷಣ ಕಾಣಿಸಿಕೊಂಡಿತು. ಡಿಜಿಟೈಜರ್ ಮಾತ್ರ ದೊಡ್ಡ ಡೇಟಾ ಕೇಳಿದ ಕೂಡಲೇ ನಿಂತುಬಿಡುತ್ತಿತ್ತು. ಡ್ರೈವರ್ ಬದಲಿಸಿದ್ದಾಯಿತು, ಪಿಸಿಯ ಬಯಾಸ್ (BIOS) ಸೆಟ್ಟಿಂಗ್ ತಡಕಾಡಿದ್ದಾಯಿತು. ತಿಂಗಳು ಹಾಳು. ಕೊನೆಗೆ ಎಸ್‌ಪಿ ರೋಡ್‌ನಲ್ಲಿ ಬಿ75 ಚಿಪ್‌ಸೆಟ್‌ನ ಹಳೇ ಬೋರ್ಡ್ ಹುಡುಕಿದೆ, ಪ್ರೊಸೆಸರ್ ಸಮೇತ ನಾಲ್ಕೂವರೆ ಸಾವಿರ. ಇಂಟೆಲ್‌ನ ಆ ತಲೆಮಾರಿನಲ್ಲಿ ಬಿ75, ಕ್ಯೂ77ನಂಥ ಚಿಪ್‌ಸೆಟ್‌ಗಳ ಒಳಗೇ ಪಿಸಿಐ ಇದೆ, ನಡುವೆ ಬ್ರಿಡ್ಜ್ ಬೇಕಿಲ್ಲ. ಮುಂದಿನ ತಲೆಮಾರಿನಿಂದ ಅದೂ ಹೋಯಿತು. ಹಾಕಿದ ದಿನವೇ ಡಿಜಿಟೈಜರ್ ಓಡಿತು.

ಓಡಿತು, ಆದರೆ ಬಿಸಿಯಾದ ಮೇಲೆ ಅದು ತೋರಿಸುವ ಅಲೆಯ ಬುಡದ ಗೆರೆ ಕುಣಿಯುತ್ತಿತ್ತು. ಕಾರ್ಡ್‌ದೇ ದೋಷ ಅಂತ ಮಾರಿದವರ ಜೊತೆ ಜಗಳವೂ ಆಯಿತು. ಅಡಾಪ್ಟರ್ ಮೇಲೆ ಮೀಟರ್ ಇಟ್ಟಾಗ ಗೊತ್ತಾಯಿತು: −12 ವೋಲ್ಟ್ ಲೈನ್ −10.6ಕ್ಕೆ ಕುಸಿದಿದೆ. ಡೆಸ್ಕ್‌ಟಾಪ್ ಪವರ್ ಸಪ್ಲೈನ ಲೇಬಲ್ ನೋಡಿ, −12ಕ್ಕೆ ಸಾಮಾನ್ಯವಾಗಿ 0.3 ಆಂಪ್ ಅಂತಿರುತ್ತದೆ. ಅಡಾಪ್ಟರ್‌ನಲ್ಲಿ ಆ ಟ್ರ್ಯಾಕ್ ಕತ್ತರಿಸಿ ಬೇರೆ ಸಪ್ಲೈ ಕೊಟ್ಟೆ. ಪಿಸಿಯ 5 ವೋಲ್ಟ್ ಬಂದಾಗಲೇ ಇದೂ ಬರುವಂತೆ ಒಂದು ರಿಲೇ. ನಡುವೆ ಹಾಕಿದ ಫಿಲ್ಟರ್‌ನ ಗುಟ್ಟು ನನ್ನ ಹತ್ತಿರವೇ ಇರಲಿ. ಸುಮ್ನೆ ಕೆಪಾಸಿಟರ್ ತುರುಕಿದರೆ ಆಗಲ್ಲ, ಅಷ್ಟು ಹೇಳುತ್ತೇನೆ. ಈಗ ನಾಯ್ಸ್ ಚಾಸಿಯಲ್ಲಿ ಇದ್ದಷ್ಟೇ. ಗೆಳೆಯರ ಲ್ಯಾಬಿಗೆ ಕಾರ್ಡ್ ಒಯ್ದು ಹೋಲಿಸಿಯೇ ಹೇಳುತ್ತಿದ್ದೇನೆ.

ಗಾಳಿಯನ್ನು ಹಗುರವಾಗಿ ತಗೊಳ್ಳಬೇಡಿ. ಚಾಸಿಯಲ್ಲಿ ಫ್ಯಾನು ಗಾಳಿಯನ್ನು ಕಾರ್ಡ್‌ಗಳ ನಡುವೆ ಒತ್ತಿ ಕಳಿಸುತ್ತದೆ. ನಾನು ಫೋಮ್ ಶೀಟ್‌ನ ಸುರಂಗ ಮಾಡಿ 120 ಮಿಲಿಮೀಟರ್ ಫ್ಯಾನ್ ಇಟ್ಟೆ. ಒಂದು ಭಾನುವಾರ ಕುತೂಹಲಕ್ಕೆ ಫ್ಯಾನ್ ನಿಲ್ಲಿಸಿ, ಪಿಎಕ್ಸ್‌ಐ ಮೀಟರ್‌ನಿಂದ 5 ವೋಲ್ಟ್ ರೆಫರೆನ್ಸ್ (ಸ್ಥಿರ ವೋಲ್ಟೇಜ್ ಕೊಡುವ ಮೂಲ) ಅಳೆದೆ. ಅರ್ಧ ಗಂಟೆಯಲ್ಲಿ ಓದು 50 ಮೈಕ್ರೋವೋಲ್ಟ್ ಆಸುಪಾಸು ಸರಿಯಿತು. ಸೆಲ್ಫ್‌ಕ್ಯಾಲ್ ಕೊಟ್ಟೆ, ಅಂದರೆ ಕಾರ್ಡ್ ತನ್ನ ಓದನ್ನು ತಾನೇ ಸರಿಪಡಿಸಿಕೊಳ್ಳುವಂತೆ ಮಾಡಿದೆ, ಮತ್ತೆ ಹತ್ತಿರ ಬಂತು. ಕಾರ್ಡ್‌ನ ತಾಪಮಾನ ಡ್ರೈವರ್‌ನಿಂದಲೇ ಓದಬಹುದು. ಈಗ ನನ್ನ ಪೈಥಾನ್ ಸ್ಕ್ರಿಪ್ಟ್ ಐದಾರು ಡಿಗ್ರಿ ವ್ಯತ್ಯಾಸ ಕಂಡರೆ ತಾನೇ ಸೆಲ್ಫ್‌ಕ್ಯಾಲ್ ಮಾಡುತ್ತದೆ.

ಇದರಲ್ಲಿ ಸಿಗದ್ದೂ ಇದೆ. ಕಾರ್ಡ್‌ನ ಹಿಂದೆ ಜೆ1, ಜೆ2 ಅಂತ ಎರಡು ಕನೆಕ್ಟರ್. ನನ್ನ ಅಡಾಪ್ಟರ್ ಪಿಸಿಐ ಇರುವ ಜೆ1 ಮಾತ್ರ ಜೋಡಿಸುತ್ತದೆ. ಕಾರ್ಡ್‌ಗಳು ಒಂದಕ್ಕೊಂದು ಸನ್ನೆ ಕೊಡುವ ಟ್ರಿಗರ್ ಬಸ್, 10 ಮೆಗಾಹರ್ಟ್ಸ್ ಕ್ಲಾಕ್, ಸ್ಲಾಟ್ ನಂಬರ್ ಎಲ್ಲ ಜೆ2ನಲ್ಲಿವೆ. ಎರಡು ಕಾರ್ಡ್ ಒಟ್ಟಿಗೆ ಕುಣಿಯಬೇಕಾದರೆ ಕಾರ್ಡ್‌ಗಳ ಮುಂಭಾಗದ ಟ್ರಿಗರ್ ಸಾಕೆಟ್‌ಗಳಿಗೆ ಕೇಬಲ್ ಎಳೆಯಬೇಕು. ನನ್ನ ಕೆಲಸಕ್ಕೆ ಅಷ್ಟು ಸಾಕು, ಹತ್ತು ಚಾನೆಲ್ ಸಿಂಕ್ ಬೇಕು ಅನ್ನುವವರು ಚಾಸಿಯನ್ನೇ ಕೊಳ್ಳಲಿ. ಪಿಎಕ್ಸ್‌ಐನ ಹೊಸ ತಲೆಮಾರಾದ ಪಿಎಕ್ಸ್‌ಐ ಎಕ್ಸ್‌ಪ್ರೆಸ್ ಕಾರ್ಡ್ ಇದರಲ್ಲಿ ಹಾಕಬಹುದಾ ಅಂತ ಇಬ್ಬರು ಕೇಳಿದರು. ಆಗಲ್ಲ, ಅದರ ಕನೆಕ್ಟರೇ ಬೇರೆ. ಅದಕ್ಕೊಂದು ಅಡಾಪ್ಟರ್ ಕಟ್ಟುತ್ತಿದ್ದೇನೆ, ಬೋರ್ಡ್ ಬರಲಿ, ಆಮೇಲೆ ನೋಡೋಣ.